ಬೇರಿನ ತುದಿ ಮಿರುಗುವವರೆಗೆ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಮರಗಳ ಕೊಂಬೆಯಿಂದ ಸೀತಾಳೆ ದಂಡೆ ಎಂಬ ಆರ್ಕಿಡ್ ಇಳಿಬೀಳುತ್ತದೆ. ಬಿಳಿ ಎಸಳಿನ ಮೇಲೆ ಗುಲಾಬಿ ಚುಕ್ಕೆ ಇಟ್ಟ ಹೂಗಳ ಜಡೆ. ಅದಕ್ಕೆ ಗೊಬ್ಬರ ಹಾಕಿದವರು ಯಾರೂ ಇಲ್ಲ. ತೊಗಟೆಯ ಮೇಲೆ ಹರಿದು ಬರುವ ಮಳೆನೀರಿನಲ್ಲಿ ಕರಗಿದ ತರಗೆಲೆಯ ಸಾರ, ಒಂದಿಷ್ಟು ಹಕ್ಕಿಯ ಹಿಕ್ಕೆ, ಅಷ್ಟೇ ಅದರ ಊಟ. ಬಂದಳಿಕೆಯಂತೆ ಮರದ ರಸ ಹೀರುವ ಗಿಡವೂ ಇದಲ್ಲ.

ಈ ಮಿತಾಹಾರವನ್ನು ಮರೆಯುವವರು ಬಾಲ್ಕನಿಯಲ್ಲಿ ಫೆಲೆನಾಪ್ಸಿಸ್, ಡೆಂಡ್ರೋಬಿಯಂನಂಥ ಆರ್ಕಿಡ್ ಬೆಳೆಸುವವರು. ಕೊಳೆತ ಬೇರು ಕತ್ತರಿಸಿ, ಇದ್ದಿಲು, ಹಂಚಿನ ಚೂರು, ತೆಂಗಿನ ಮಟ್ಟೆಯ ತುಂಡು ತುಂಬಿದ ಹೊಸ ಕುಂಡದಲ್ಲಿ ಗಿಡ ಕೂರಿಸುತ್ತಾರೆ. ಪಾಪ, ಸೊರಗಿದೆ ಎಂದು ಅದೇ ದಿನ ಗೊಬ್ಬರದ ನೀರನ್ನೂ ಹೊಯ್ಯುತ್ತಾರೆ. ಗಿಡ ಇನ್ನಷ್ಟು ಸೊರಗುತ್ತದೆ.

ಕಾರಣ ಬೇರಿನಲ್ಲಿದೆ. ಆರ್ಕಿಡ್ ಬೇರಿಗೆ ವೆಲಮೆನ್ ಎಂಬ ಸ್ಪಂಜಿನಂಥ ಹೊದಿಕೆಯಿರುತ್ತದೆ. ಒಣಗಿದಾಗ ಬೂದಿಬಣ್ಣ, ನೀರು ಬಿದ್ದರೆ ನೋಡನೋಡುತ್ತಲೇ ಹಸಿರು. ಕುಂಡ ಬದಲಿಸುವಾಗ ಎಷ್ಟೇ ಜೋಪಾನ ಮಾಡಿದರೂ ಕೆಲವು ಬೇರುಗಳು ಮುರಿಯುತ್ತವೆ, ಸೀಳುತ್ತವೆ. ರಾಸಾಯನಿಕ ಗೊಬ್ಬರವೆಂದರೆ ಲವಣ. ಅದು ಗಟ್ಟಿಯಾಗಿದ್ದರೆ ಬೇರಿನೊಳಗಿನ ನೀರನ್ನೇ ಹೊರಗೆಳೆಯುತ್ತದೆ, ತುದಿ ಸುಟ್ಟಂತೆ ಕಪ್ಪಾಗುತ್ತದೆ.

ಹಾಗಾಗಿ ಕುಂಡ ಬದಲಿಸಿದ ಮೇಲೆ ಗೊಬ್ಬರ ಕೊಡಲು ಎರಡರಿಂದ ನಾಲ್ಕು ವಾರ ಕಾಯುವುದು ರೂಢಿ. ಅಲ್ಲಿಯವರೆಗೆ ನೆರಳು, ತಂಪು ಗಾಳಿ, ಹಿತಮಿತ ನೀರು ಸಾಕು. ಆದರೆ ಕ್ಯಾಲೆಂಡರಿಗಿಂತ ಗಿಡವನ್ನೇ ನೋಡುವುದು ಮೇಲು. ಬೂದು ಬೇರಿನ ತುದಿಯಲ್ಲಿ ಮಿರುಗುವ ಹಸಿರು ಮೊನೆ (ಕೆಲವು ಗಿಡಗಳಲ್ಲಿ ನೇರಳೆಗೆಂಪು) ಕಂಡಿತೆಂದರೆ ಅದು ಉಣ್ಣಲು ಸಿದ್ಧ. ಬೇರೊಡೆಯುವ ಕಾಲದಲ್ಲೇ ಕುಂಡ ಬದಲಿಸಿದ್ದರೆ ಇದು ಬೇಗ ಕಾಣಿಸುತ್ತದೆ. ಒಂದೆರಡೇ ಬೇರು ಉಳಿದ ಗಿಡಕ್ಕೆ ತಿಂಗಳು ಮೀರಿದರೂ ಅವಸರ ಸಲ್ಲದು.

ಶುರುವೂ ಜ್ವರ ಬಿಟ್ಟವರಿಗೆ ತಿಳಿಗಂಜಿ ಕೊಟ್ಟಂತಿರಬೇಕು. ಗೊಬ್ಬರದಂಗಡಿಯ 19:19:19 ಪುಡಿಯಾದರೆ ಲೀಟರ್ ನೀರಿಗೆ ಅರ್ಧ ಗ್ರಾಂ, 10-15 ದಿನಕ್ಕೊಮ್ಮೆ. ಮೊದಲು ಬರೀ ನೀರು ಹೊಯ್ದು, ಬೇರು ಹಸಿರಾದ ಮೇಲೆ ಇದು. ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಹರಿಸಿದರೆ ಕುಂಡದಲ್ಲಿ ಕೂತ ಲವಣ ತೊಳೆದುಹೋಗುತ್ತದೆ. ತೆಂಗಿನ ಮಟ್ಟೆಯಲ್ಲೂ ಉಪ್ಪಿನಂಶ ಇರುವುದರಿಂದ ಅದನ್ನು ನೀರು ಬದಲಿಸುತ್ತ ಕೆಲವು ದಿನ ನೆನೆಸಿಯೇ ಬಳಸಬೇಕು.

ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಡೆಂಡ್ರೋಬಿಯಂಗಳದ್ದು ಬೇರೆಯೇ ಲೆಕ್ಕ. ಬೋಳು ಕಾಂಡ ಕಂಡು ಮರುಗಿ ಗೊಬ್ಬರ ಕೊಡುವಂತಿಲ್ಲ. ಬುಡದಲ್ಲಿ ಹೊಸ ಮೊಳಕೆಯೊಡೆದು, ಅದರ ಬೇರು ಬೆರಳಗಲ ಇಳಿದ ಮೇಲೆಯೇ ಮೊದಲ ತುತ್ತು.