ಒಳ್ಳಿನಲ್ಲಿ ನಿಂತ ಹಿನ್ನೀರು

ಮೇ ತಿಂಗಳ ಬೆಳಗು. ಹಳೇ ಬಾಗಲಕೋಟೆಯ ವಲ್ಲಭಭಾಯಿ ಚೌಕದಲ್ಲಿ ಚಹಾದಂಗಡಿಯ ಸ್ಟೋವು ಬುಸುಗುಡುತ್ತಿದೆ. ಪಕ್ಕದ ಬಾಣಲೆಯಲ್ಲಿ ಮೊದಲ ಮಿರ್ಚಿ ಭಜಿ ಚುರ್ರೆಂದಿತು. ಚುರುಮರಿ ಪೊಟ್ಟಣ ಕಟ್ಟಿಸಿಕೊಂಡು ಬನ್ನಿ, ಬಿಸಿಲೇರುವ ಮೊದಲು ಹೊಳೆಯ ಕಡೆ ಇಳಿಯೋಣ. ಓಣಿ ನಿಧಾನವಾಗಿ ಇಳಿಜಾರಾಗುತ್ತದೆ. ಮೊದಲು ಬಾಗಿಲು ತೆರೆದ ಮನೆಗಳು, ಕಸಗುಡಿಸಿ ನೀರು ಚಿಮುಕಿಸಿದ ಅಂಗಳಗಳು. ಆಮೇಲೆ ಬೀಗ ತುಕ್ಕು ಹಿಡಿದ ಮನೆಗಳು. ಆಮೇಲೆ ಮಾಳಿಗೆ ಇಲ್ಲದ ಗೋಡೆಗಳು. ಕೊನೆಗೆ ಗೋಡೆಯೂ ಇಲ್ಲ, ಜಾಲಿ ಕಂಟಿಯ ನಡುವೆ ಬರೀ ತಳಪಾಯ. ಯಾರೋ ಚಾಕುವಿನಿಂದ ಊರನ್ನು ಓರೆಯಾಗಿ ಹೆರೆದ ಹಾಗೆ.

ಹಿನ್ನೀರು ಹಿಂದೆ ಸರಿದಿದೆ. ಅದು ಬಿಟ್ಟುಹೋದ ಎರಿಮಣ್ಣು ಹೆಂಚಿನ ಮೇಲೆ ಒಣಗಿದ ರೊಟ್ಟಿಯಂತೆ ಬಿರಿದು, ಅಂಚು ಮೇಲೆದ್ದು, ಕಾಲಿಟ್ಟಲ್ಲೆಲ್ಲ ಪುಡಿಯಾಗುತ್ತದೆ. ಕೊಳೆತ ಜೊಂಡು ಮತ್ತು ಮೀನಿನ ವಾಸನೆ. ಒಂದು ತಳಪಾಯದ ನಡುವೆ ನೆಲದಲ್ಲಿ ಹೂತ ಒಳಕಲ್ಲು ಕಾಣುತ್ತದೆ, ಇಲ್ಲಿಯವರ ಬಾಯಲ್ಲಿ ಒಳ್ಳು. ತಲೆಮಾರುಗಳ ಒನಕೆಯ ಪೆಟ್ಟು ತಿಂದು ಅದರ ಬಾಯಿ ಕನ್ನಡಿಯಷ್ಟು ನುಣುಪಾಗಿದೆ. ಕುಟ್ಟಿದ ಖಾರದ ಬದಲು ಈಗ ಅದರೊಳಗೆ ಅಂಗೈಯಗಲ ನೀರು, ನೀರಿನಲ್ಲಿ ಉಗುರಿನಷ್ಟು ಉದ್ದದ ಎರಡು ಮೀನು ಮರಿ. ಮಧ್ಯಾಹ್ನದೊಳಗೆ ಆ ನೀರೂ ಆರುತ್ತದೆ.

ಈ ಹೊಳೆ ಘಟಪ್ರಭೆ. ಅಣೆಕಟ್ಟು ಇದಕ್ಕೆ ಕಟ್ಟಿದ್ದಲ್ಲ, ಕೃಷ್ಣೆಗೆ. ಆಲಮಟ್ಟಿಯಲ್ಲಿ ಕೃಷ್ಣೆಯನ್ನು ತಡೆದರೆ, ಅದಕ್ಕೂ ಮೇಲೆ ಚಿಕ್ಕಸಂಗಮದಲ್ಲಿ ಅವಳನ್ನು ಕೂಡಬೇಕಾದ ಘಟಪ್ರಭೆ ಮುಂದೆ ಹೋಗಲು ದಾರಿ ಸಿಗದೆ, ಬಂದ ದಾರಿಯಲ್ಲೇ ಉಬ್ಬಿ ಊರೊಳಗೆ ಬರುತ್ತಾಳೆ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಬಾಗಲಕೋಟೆಯ ಮನೆಬಾಗಿಲಿಗೆ ನೀರು ಬರುವಷ್ಟರಲ್ಲಿ ಮೂರೂವರೆ ದಶಕ ಕಳೆದಿತ್ತು. ಆ ನಡುಗಾಲ ಇದೆಯಲ್ಲ, ಮುಳುಗಡೆಗಿಂತ ಅದೇ ಕೆಟ್ಟದ್ದು ಅನ್ನಿಸುತ್ತದೆ ನನಗೆ. ‘ಹೆಂಗೂ ಮುಳುಗೂ ಮನಿ’ ಎಂದು ಸೋರುವ ಮಾಳಿಗೆಗೆ ಮಣ್ಣು ಹಾಕಿಸಲು ಕೈ ಬರದು. ಬಿಟ್ಟು ಹೋಗೋಣವೆಂದರೆ ಪರಿಹಾರದ ಹಣ ಬಂದಿಲ್ಲ. ಮದುವೆಯ ಮಾತುಕತೆಗೆ ಬಂದ ಬೀಗರು ಹೊಲ ಎಷ್ಟು ಎಂದು ಕೇಳಿ, ಅದು ಮುಳುಗಡೆಯೋ ಅಲ್ಲವೋ ಎಂದೂ ಕೇಳುತ್ತಿದ್ದ ಕಾಲ ಅದು.

ಇನ್ನು ಆಟೋ ಹಿಡಿದು ನವನಗರಕ್ಕೆ ಬನ್ನಿ. ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದ ಈ ಹೊಸ ಊರಿನ ನಕ್ಷೆಯ ಹಿಂದೆ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದ್ದರು. ರಸ್ತೆ ಅಗಲ, ಬೇವಿನ ಸಾಲು ದಟ್ಟ, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಬಂದ ಕಚೇರಿಗಳೆಲ್ಲ ಇಲ್ಲೇ. ಕೊರತೆ ಹುಡುಕುವುದು ಕಷ್ಟ. ಆದರೆ ಕಿಲ್ಲೆ ಓಣಿ, ಹಳಪೇಟೆ, ಜೈನಪೇಟೆ ಎಂದು ಹೇಳುತ್ತಿದ್ದ ಬಾಯಿ ಇಲ್ಲಿ ಸೆಕ್ಟರ್ ನಂಬರು ಹೇಳುತ್ತದೆ.

ಅಂಥ ಒಂದು ಸೆಕ್ಟರಿನ ಕಟ್ಟೆಯ ಮೇಲೆ, ಬೇವಿನ ನೆರಳಿಗೆ, ಒಬ್ಬ ಆಯಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಾಳೆ. “ಬರ್ರಿ ತಮ್ಮಾ, ಕುಂದರ್ರಿ,” ಎಂದು ತುದಿ ಸರಿಸಿ ಜಾಗ ಮಾಡಿದಳು. ಸೂಜಿ ಕುಪ್ಪಸದ ಹೆಗಲಿಗೆ ಚುಚ್ಚಿ, ದಾರ ಬಾಯಲ್ಲಿ ಕಡಿದು, ಮತ್ತೆ ಪೋಣಿಸುತ್ತಾಳೆ. ಕಣ್ಣು ಅಷ್ಟೇನೂ ಸೋತಿಲ್ಲ. ಕೌದಿಯೊಳಗೆ ಒಂದು ಮನೆತನದ ಬಟ್ಟೆಗಂಟೇ ಬಿಚ್ಚಿಕೊಂಡಿದೆ. ಗುಳೇದಗುಡ್ಡದ ಖಣದ ತುಣುಕು, ಯಾರದೋ ಶಾಲೆಯ ನೀಲಿ ಅಂಗಿ, ಧೋತರದ ಬಿಳಿ, ನಡುವೆ ಇಳಕಲ್ ಸೀರೆಯ ಕೆಂಪು ಸೆರಗು. ಆ ಟೋಪ್ ತೆನಿ ಸೆರಗನ್ನು ಆಯಿ ಬೆರಳಿನಿಂದ ಸವರಿ ತೋರಿಸಿದಳು. ಇಳಕಲ್ ಮಗ್ಗದಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಬಟ್ಟೆ ಜೀರ್ಣವಾದರೂ ಇಲ್ಲಿ ಕೊಂಡಿ ಬಿಟ್ಟಿಲ್ಲ.

“ಮನಿ ಕೆಡವಿ ಬರುವಾಗ ದಾರಂದ ತಂದ್ವಿ, ತೊಲಿ ತಂದ್ವಿ, ಎಂಟು ಕಂಬದಾಗ ಆರು ತಂದ್ವಿ. ಒಳ್ಳು ಬರಲಿಲ್ಲ ನೋಡು. ನಮ್ಮತ್ತಿ ಹುಗಿಸಿದ್ದು,” ಎಂದಳು. ಹಿಂದೆ ತಿರುಗಿ ನೋಡಿದರೆ, ನಿಜ, ಸಿಮೆಂಟಿನ ಪುಟ್ಟ ಮನೆಗೆ ಆನೆ ಹಾಯುವಷ್ಟು ದೊಡ್ಡ ಸಾಗವಾನಿ ದಾರಂದ. ಬಾಗಿಲ ಮೇಲೆ ಕೆತ್ತಿದ ಬಳ್ಳಿ, ಬಳ್ಳಿಯ ಸಂದಿಯಲ್ಲಿ ಹಳೇ ಊರಿನ ಸುಣ್ಣ ಇನ್ನೂ ಕೂತಿದೆ.

ಬಣ್ಣದ ತುಂಡುಗಳನ್ನು ನೋಡುತ್ತ ನನಗೆ ಎಲ್ಲೋ ದೂರದ ಅಮೆರಿಕದ ಫ್ಲಾರಿಡಾದ ಸೆಮಿನೋಲ್ ಬುಡಕಟ್ಟಿನ ಹೆಂಗಸರ ಲಂಗ ನೆನಪಾಯಿತು. ಅವರೂ ಹೀಗೇ ಬಟ್ಟೆಪಟ್ಟಿ ಕತ್ತರಿಸಿ ಕೂಡಿಸುವವರು. 20ನೇ ಶತಮಾನದ ಆರಂಭಕ್ಕೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದಿಂದ ಅದನ್ನೊಂದು ಕಲೆಯಾಗಿಸಿದರು. ಅವರ ಹಿರಿಯರನ್ನು ಮಿಸಿಸಿಪ್ಪಿ ನದಿಯಾಚೆಗೆ ಅಟ್ಟಲು ಅಮೆರಿಕ ಸರ್ಕಾರ 1830ರಲ್ಲಿ ಕಾಯ್ದೆ ಮಾಡಿತು. ಒಲ್ಲೆವೆಂದದ್ದಕ್ಕೆ 1835ರಿಂದ 1842ರವರೆಗೆ ಯುದ್ಧ. ಮಾತುಕತೆಯ ಬಿಳಿ ಬಾವುಟ ನಂಬಿ ಬಂದ ಅವರ ಮುಂದಾಳು ಓಸಿಯೋಲಾನನ್ನು ಹಿಡಿದು ಹಾಕಿದರು, 1838ರಲ್ಲಿ ಆತ ಸೆರೆಯಲ್ಲೇ ಸತ್ತ. ಸಾವಿರಾರು ಜನರನ್ನು ಇವತ್ತಿನ ಒಕ್ಲಹೋಮಾಕ್ಕೆ ಸಾಗಿಸಿದರು. ಕೆಲವು ನೂರು ಮಂದಿ ಮಾತ್ರ ಎವರ್‌ಗ್ಲೇಡ್ಸ್ ಜೌಗಿನೊಳಗೆ ನುಗ್ಗಿ ಉಳಿದುಕೊಂಡರು. ಅವರನ್ನು ಬಚ್ಚಿಟ್ಟು ಕಾಪಾಡಿದ್ದು ನೀರು, ಇಲ್ಲಿ ಎಬ್ಬಿಸಿ ಕಳಿಸಿದ್ದೂ ನೀರು. ಹೋಲಿಕೆ ಇಷ್ಟಕ್ಕೇ ಸಾಕು. ಕೋವಿಯ ಕಥೆ ಈ ಜಿಲ್ಲೆಗೂ ಗೊತ್ತು: 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಹಲಗಲಿ ಬೇಡರ ಊರನ್ನೇ ಬ್ರಿಟಿಷರು ಸುಟ್ಟಿದ್ದರು. ಆದರೆ ಆಯಿಯ ಮನೆಗೆ ಬಂದದ್ದು ಕೋವಿಯಲ್ಲ, ನೋಟಿಸು. ಪರಿಹಾರ ಸಾಲದೆಂದು ಕೋರ್ಟು ಹತ್ತುವ ಹಾದಿಯೂ ಇತ್ತು, ಅದರ ಮೆಟ್ಟಿಲು ಮಾತ್ರ ಬಹಳ ಉದ್ದ.

“ಹೋಳಿ ಎಲ್ಲಿ ಆಡ್ತೀರಿ ಆಯಿ?” ಎಂದೆ. ಆಕೆ ನಕ್ಕುಬಿಟ್ಟಳು. “ಅಲ್ಲೇ! ಇಲ್ಲೇನೈತಿ?” ಬಾಗಲಕೋಟೆಯ ಹೋಳಿ ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಸುಲಭವಲ್ಲ. ದಿನಗಟ್ಟಲೆ ಹಲಗೆಯ ಬಡಿತ, ಬ್ಯಾರೆಲ್ಲುಗಟ್ಟಲೆ ಬಣ್ಣ ಹೇರಿಕೊಂಡು ಬರುವ ಬಂಡಿಗಳು, ಓಣಿಗೆ ಓಣಿ ಎದುರು ನಿಂತು ಎರಚಾಟ. ಎರಚಲು ಎದುರಿಗೊಂದು ಓಣಿ ಬೇಕಲ್ಲ, ಸೆಕ್ಟರುಗಳ ನಡುವೆ ಆ ಹಗೆ-ಸಲಿಗೆ ಇಷ್ಟು ಬೇಗ ಹುಟ್ಟೀತೇ! ಅದಕ್ಕೇ ಆಯಿಯ ಮೊಮ್ಮಕ್ಕಳು, ಹಳೇ ಊರಿನಲ್ಲಿ ಒಂದು ರಾತ್ರಿಯೂ ಮಲಗದವರು, ಹೋಳಿ ಬಂದರೆ ಕಿಲ್ಲೆಯವರಾಗಿ ಹೋಗಿ ಬಣ್ಣವಾಗಿ ಬರುತ್ತಾರೆ.

ಘಟಪ್ರಭೆ ಕೂಡಿದ ಮೇಲೆ ಕೃಷ್ಣೆಗುಂಟ ಇನ್ನೂ ಕೆಳಗೆ ಹೋದರೆ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆ ಅವಳನ್ನು ಸೇರುತ್ತಾಳೆ. ಅಲ್ಲಿಗೆ ಬಂದದ್ದು ಇನ್ನೊಂದು ಅಣೆಕಟ್ಟಿನ, ನಾರಾಯಣಪುರದ ಹಿನ್ನೀರು. ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿಯುತ್ತ ಹೋದಂತೆ ಹೊರಗಿನ ಗಾಳಿಯ ಸದ್ದು ಕ್ಷೀಣಿಸಿ, ತಂಪು ಏರಿ, ನೀರು ನಮ್ಮ ತಲೆಗಿಂತ ಎತ್ತರದಲ್ಲಿ ಗೋಡೆಯಾಚೆ ನಿಂತಿದೆ ಎಂಬುದು ಮೈಗೆ ತಿಳಿಯುತ್ತದೆ. ವಿಭೂತಿ, ಬಿಲ್ವಪತ್ರೆ, ಒದ್ದೆ ಸಿಮೆಂಟು ಎಲ್ಲ ಸೇರಿದ ಒಂದು ವಾಸನೆ. ಗೋಡೆ ಕಟ್ಟಿದ್ದು ಸರಿಯೇ. ಗುಡಿಯ ಸುತ್ತ ಇದ್ದ ಒಕ್ಕಲುಮನೆಗಳಿಗೆ ಅಂಥ ಗೋಡೆ ಕಟ್ಟಲಾಗುವುದಿಲ್ಲ, ಅದೂ ಸರಿಯೇ. ಆದರೂ ಮೆಟ್ಟಿಲು ಹತ್ತಿ ಮೇಲೆ ಬಂದಾಗ ನನಗೆ ಆ ಮನೆಗಳದ್ದೇ ಯೋಚನೆ.

ನೀರಿನಿಂದ ಒಳಿತಾಗಿಲ್ಲ ಎಂದರೆ ಸುಳ್ಳಾದೀತು. ಆಲಮಟ್ಟಿಯ 26 ಗೇಟುಗಳ ಹಿಂದೆ ನಿಲ್ಲುವ 123 ಟಿಎಂಸಿ ನೀರು ಬಿರುಬಿಸಿಲಿನ ಎಷ್ಟೋ ಊರುಗಳ ಬಾಯಾರಿಕೆ ತಣಿಸಿದೆ, 290 ಮೆಗಾವಾಟ್ ವಿದ್ಯುತ್ತಿನ ಘಟಕವೂ ಅಲ್ಲಿದೆ. ಈಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ, 2000ದಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದದ್ದು ಅಲ್ಲಿಗೇ. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿತು. ಕಾಗದದ ಮೇಲೆ ಹದಿನೈದು ಅಡಿ. ನೆಲದ ಮೇಲೆ 75 ಸಾವಿರ ಎಕರೆಗೂ ಹೆಚ್ಚು, ಅದರಲ್ಲಿ ಇನ್ನಷ್ಟು ಹಳ್ಳಿಗಳು ಮತ್ತು ಹಳೇ ಬಾಗಲಕೋಟೆಯಲ್ಲಿ ಉಳಿದ ಕೆಲವು ವಾರ್ಡುಗಳು.

ಇತ್ತ ಆಯಿಯ ಕಟ್ಟೆಯಿಂದ ನೆರಳು ಜಾರಿ ರಸ್ತೆಗೆ ಬಂದಿತ್ತು. ಆಯಿ ಕೌದಿಯ ಮೂರನೆಯ ಅಂಚಿಗೆ ಬಂದಿದ್ದಳು. ಕೌದಿ ಬಹಳ ದಪ್ಪ, ಹಾಸಲಿಕ್ಕೆ ಇಷ್ಟು ದಪ್ಪದ್ದು ಯಾಕೆ ಎಂದು ಕೇಳಿದೆ.

“ಹಾಸಾಕಲ್ಲ ತಮ್ಮಾ, ಮಗಳಿಗೆ. ಆಕಿ ಊರು ಐನೂರಾ ಇಪ್ಪತ್ತನಾಲ್ಕರಾಗ ಬರ್ತೈತಂತ.” ಹಲ್ಲಿನಿಂದ ದಾರ ಕಡಿದಳು. “ನಾವು ಬರುವಾಗ ಕನ್ನಡಿ, ದೇವರ ಫೋಟೋ ಎಲ್ಲಾ ಕೌದ್ಯಾಗ ಸುತ್ತಿ ತಂದಿದ್ವಿ. ಒಂದ್ ಕನ್ನಡಿ ಒಡೀತು. ತೆಳ್ಳಗ ಹೊಲಿದಿದ್ನಿ ಆವಾಗ.”