ಕೊಡಗಿನ ಹಾಕಿ: ಶಾಲೆಗೂ ರಾಷ್ಟ್ರೀಯ ತಂಡಕ್ಕೂ ನಡುವೆ ಸಡಿಲಗೊಂಡ ಕೊಂಡಿ

ಮಡಿಕೇರಿ: 2016ರ ರಿಯೊ ಒಲಿಂಪಿಕ್ಸ್‌ಗೆ ತೆರಳಿದ ಭಾರತ ಪುರುಷರ ಹಾಕಿ ತಂಡದ 16 ಆಟಗಾರರಲ್ಲಿ ನಾಲ್ವರು ಕೊಡಗಿನವರಾಗಿದ್ದರು. ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ ಆ ನಾಲ್ವರು. ರಾಜ್ಯದ ಅತಿ ಚಿಕ್ಕ ಜಿಲ್ಲೆಗಳಲ್ಲಿ ಒಂದರಿಂದ ರಾಷ್ಟ್ರೀಯ ತಂಡದ ಕಾಲು ಭಾಗ ಆಯ್ಕೆಯಾಗಿತ್ತು ಎಂಬುದು ಸಾಮಾನ್ಯ ಸಂಗತಿಯಲ್ಲ.

ಅನಂತರದ ಕಥೆ ಬೇರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತ 41 ವರ್ಷಗಳ ಬಳಿಕ ಹಾಕಿ ಪದಕ ಗೆದ್ದಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ದೊರೆಯಿತು. ಈ ಎರಡೂ ಪುರುಷರ ತಂಡಗಳಲ್ಲಿ ಕೊಡಗಿನ ಒಬ್ಬ ಆಟಗಾರನೂ ಇರಲಿಲ್ಲ. ಸೋಜಿಗವೆಂದರೆ, ಇದೇ ಅವಧಿಯಲ್ಲಿ ಜಿಲ್ಲೆಯೊಳಗೆ ಹಾಕಿ ಕ್ಷೀಣಿಸಲಿಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ ಜರುಗಿದ ಕುಂಡ್ಯೋಳಂಡ ಕಪ್ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ 360 ಕುಟುಂಬ ತಂಡಗಳು ಪಾಲ್ಗೊಂಡು, ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂಬ ಗಿನ್ನೆಸ್ ದಾಖಲೆ ನಿರ್ಮಾಣವಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ ತಂಡಗಳ ಸಂಖ್ಯೆ 396ಕ್ಕೆ ಏರಿತು.

ಆಡುವವರು ಹೆಚ್ಚುತ್ತಿದ್ದರೂ ಒಲಿಂಪಿಕ್ಸ್ ತಲುಪುವವರು ಏಕೆ ಇಲ್ಲವಾದರು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಉತ್ಸವದ ಮೈದಾನವನ್ನಷ್ಟೇ ನೋಡಿದರೆ ಸಾಲದು. ಪ್ರೌಢಶಾಲೆ ಮುಗಿಸಿದ ಹುಡುಗ ಪದವಿ ಮುಗಿಸುವವರೆಗಿನ ಐದಾರು ವರ್ಷ ಎಲ್ಲಿ, ಯಾವ ಅಂಗಳದಲ್ಲಿ, ಯಾರ ಪರವಾಗಿ ಆಡುತ್ತಾನೆ ಎಂಬುದನ್ನು ನೋಡಬೇಕು.

ಸೇನೆಯೇ ವಿಶ್ವವಿದ್ಯಾಲಯವಾಗಿದ್ದ ಕಾಲ

ಕೊಡಗಿನಲ್ಲಿ ಹಾಕಿ ಬೇರೂರಿದ್ದು ಶಾಲೆ ಮತ್ತು ಸೇನೆ ಎಂಬ ಎರಡು ನೆಲೆಗಳಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂತಹ ಸೇನಾನಿಗಳ ನಾಡಿನಲ್ಲಿ ಮನೆಗೊಬ್ಬ ಸೈನಿಕನೆಂಬುದು ಹೆಮ್ಮೆಯ ಮಾತು. ರಜೆಗೆಂದು ಬಂದವರು ರೆಜಿಮೆಂಟಿನ ಆಟವನ್ನೂ ಊರಿಗೆ ತಂದರು.

1946ರಲ್ಲಿ ಕೊಡಗಿನಲ್ಲಿ ಜನಿಸಿದ ಎಂ.ಪಿ. ಗಣೇಶ್ ಅವರ ಬದುಕು ಆ ಕಾಲದ ಹಾದಿಗೆ ಉತ್ತಮ ನಿದರ್ಶನ. ಮೊದಲು ಫುಟ್‌ಬಾಲ್ ಆಡುತ್ತಿದ್ದ ಅವರು ಸೇನೆ ಸೇರಿ, ಸರ್ವಿಸಸ್ ತಂಡದ ಹಾಕಿ ಆಟಗಾರರಾಗಿ ರೂಪುಗೊಂಡರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಪಡೆದ ಭಾರತ ತಂಡವನ್ನು ಮುನ್ನಡೆಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮ್ಯೂನಿಕ್ ತಂಡದಲ್ಲಿಯೇ ಇದ್ದ ಸೋಮವಾರಪೇಟೆಯ ಬಿ.ಪಿ. ಗೋವಿಂದ 1975ರ ವಿಶ್ವಕಪ್ ವಿಜೇತ ತಂಡದ ಸದಸ್ಯರೂ ಆಗಿದ್ದರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನ ಸ್ವರ್ಣ ವಿಜೇತ ತಂಡದಲ್ಲಿ ಆಡಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. 1992ರಲ್ಲಿ ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, 2004ರಲ್ಲಿ ಅರ್ಜುನ್ ಹಾಲಪ್ಪ ಈ ಪರಂಪರೆಯನ್ನು ಮುಂದುವರಿಸಿದರು.

ಹಿಂದಿನ ತಲೆಮಾರಿನ ಪ್ರತಿಭಾವಂತನಿಗೆ ಸೇನೆ, ರೈಲ್ವೆ, ಬ್ಯಾಂಕ್, ತೈಲ ಕಂಪನಿಗಳು ನೌಕರಿಯನ್ನೂ ತರಬೇತಿಯನ್ನೂ ಒಟ್ಟಿಗೆ ಒದಗಿಸುತ್ತಿದ್ದವು. ಇಪ್ಪತ್ತರ ಆಸುಪಾಸಿನ ಯುವಕನನ್ನು ಅವು ಬೆಳೆಸಿಕೊಳ್ಳುತ್ತಿದ್ದವು. ಇಂದು ಸಂಸ್ಥೆಗಳು ಬಯಸುವುದು ಬಹುತೇಕ ಸಿದ್ಧಗೊಂಡ ಆಟಗಾರನನ್ನು. ಹಾಗೆ ಸಿದ್ಧಗೊಳ್ಳುವ ಹೊಣೆ ಕ್ರೀಡಾ ಹಾಸ್ಟೆಲ್ ಮತ್ತು ಕಾಲೇಜಿನ ಹೆಗಲೇರಿದೆ.

ಒಕ್ಕದ ಕಪ್ ಮಾಡಿದ್ದು, ಮಾಡಲಾಗದ್ದು

ಬ್ಯಾಂಕ್ ಉದ್ಯೋಗಿಯಾಗಿ ನಿವೃತ್ತರಾದ ಪಾಂಡಂಡ ಕುಟ್ಟಪ್ಪ ಅವರ ಕನಸಿನ ಕೂಸಾಗಿ ಕೌಟುಂಬಿಕ ಹಾಕಿ ಉತ್ಸವ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾಯಿತು. ಮೊದಲ ವರ್ಷ 60 ಕುಟುಂಬಗಳು ಪಾಲ್ಗೊಂಡಿದ್ದವು. ಪ್ರತಿವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ; ಕಪ್‌ಗೂ ಅದರದೇ ಹೆಸರು. 2018ರ ಪ್ರಕೃತಿ ವಿಕೋಪ ಹಾಗೂ ಅನಂತರದ ಕೋವಿಡ್ ಕಾರಣ ಸ್ಥಗಿತಗೊಂಡಿದ್ದ ಉತ್ಸವ 2023ರ ಅಪ್ಪಚೆಟ್ಟೋಳಂಡ ಕಪ್‌ನೊಂದಿಗೆ ಪುನರಾರಂಭಗೊಂಡಿತು. ಕುಟ್ಟಪ್ಪ 2020ರಲ್ಲಿ ನಿಧನರಾದರು.

ಅಜ್ಜ, ಮೊಮ್ಮಗ, ಸೊಸೆ, ಮಗಳು ಒಂದೇ ತಂಡದಲ್ಲಿ ಆಡಬಹುದಾದ ಈ ಉತ್ಸವದ ಮೂಲ ಆಶಯ ಬಾಂಧವ್ಯ. ಮಗುವಿನ ಕೈಗೆ ಮೊದಲ ಸ್ಟಿಕ್ ನೀಡುವ ಕೆಲಸವನ್ನು ಅದು ಬೇರಾವ ಯೋಜನೆಯೂ ಮಾಡಲಾಗದಷ್ಟು ಚೆನ್ನಾಗಿ ಮಾಡಿದೆ. ಆದರೆ ಉತ್ಸವವೆಂಬುದು ಬೇಸಿಗೆ ರಜೆಯ ಕೆಲವು ವಾರಗಳ ಸಂಭ್ರಮ. ನಾಕೌಟ್ ಪದ್ಧತಿಯಲ್ಲಿ ಅರ್ಧದಷ್ಟು ತಂಡಗಳು ಒಂದೇ ಪಂದ್ಯಕ್ಕೆ ಹೊರಬೀಳುತ್ತವೆ. ವರ್ಷವಿಡೀ ತರಬೇತಿ, ದೈಹಿಕ ಕ್ಷಮತೆಯ ಪರೀಕ್ಷೆ, ಸಮಬಲದ ಎದುರಾಳಿಗಳೊಡನೆ ಸತತ ಪಂದ್ಯಗಳು — ಇವನ್ನು ಉತ್ಸವದಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಒಕ್ಕದ ಕಪ್‌ನಲ್ಲಿ ಆಡುವುದು ಕೊಡವ ಮನೆತನಗಳು. ಕೊಡಗಿನ ಹಾಕಿ ಅಷ್ಟಕ್ಕೇ ಸೀಮಿತವಲ್ಲ. ಎರಡು ಒಲಿಂಪಿಕ್ಸ್ ಆಡಿದ ಸುನಿಲ್ ಬೆಳೆದದ್ದು ಸೋಮವಾರಪೇಟೆಯ ಮೈದಾನಗಳಲ್ಲಿ. ಜಿಲ್ಲೆಯ ಎಲ್ಲ ಸಮುದಾಯಗಳ ಹುಡುಗರೂ ಒಂದೇ ಜೆರ್ಸಿ ತೊಟ್ಟು ಹೊರನಾಡಿನವರೊಡನೆ ಸೆಣಸುವ ಅವಕಾಶ ದೊರೆಯುವುದು ಕಾಲೇಜು ಮತ್ತು ವಿಶ್ವವಿದ್ಯಾಲಯದ ತಂಡಗಳಲ್ಲಿ.

ವಿಶ್ವವಿದ್ಯಾಲಯ ಹಾಕಿ ಎಂದರೇನು?

ಪ್ರತಿಭಾವಂತ ಬಾಲಕನ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಕ್ರೀಡಾ ಹಾಸ್ಟೆಲ್. ಕೂಡಿಗೆಯ ಕ್ರೀಡಾ ಶಾಲೆ ಮತ್ತು ಮಡಿಕೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ ವಸತಿ, ಊಟ, ವಿದ್ಯಾಭ್ಯಾಸದೊಂದಿಗೆ ದಿನಕ್ಕೆರಡು ಹೊತ್ತು ತರಬೇತಿ ದೊರೆಯುತ್ತದೆ. ಅಲ್ಲಿಂದ ಮುಂದೆ ಎರಡು ದಾರಿ: ಬೆಂಗಳೂರಿನ ಹಾಸ್ಟೆಲ್ ಅಥವಾ ಕಾಲೇಜು ಸೇರುವುದು, ಇಲ್ಲವೇ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆಗಳ ಕಾಲೇಜುಗಳಲ್ಲಿ ಓದು ಮುಂದುವರಿಸುವುದು.

ಕಾಲೇಜು ತಂಡಗಳ ನಡುವಣ ಪಂದ್ಯಾವಳಿಯಲ್ಲಿ ಗಮನ ಸೆಳೆದವರನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯವು ತನ್ನ ತಂಡವನ್ನು ರಚಿಸುತ್ತದೆ. ಆ ತಂಡ ಮೊದಲು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಬೇಕು. ಪ್ರತಿ ವಲಯದ ಅಗ್ರ ತಂಡಗಳಿಗಷ್ಟೇ ಅಖಿಲ ಭಾರತ ಮಟ್ಟದ ಪ್ರವೇಶ. ಇದರ ಉಸ್ತುವಾರಿ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ್ದು. 2020ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಆರಂಭಗೊಂಡಿತು. 2022ರಲ್ಲಿ ಅದು ಬೆಂಗಳೂರಿನಲ್ಲಿ ನಡೆಯಿತು.

ಈ ಮಟ್ಟದ ಪಂದ್ಯಗಳ ಮಹತ್ವ ಪದಕದಲ್ಲಷ್ಟೇ ಇಲ್ಲ. ರೈಲ್ವೆ, ಸೇನೆ, ಬ್ಯಾಂಕುಗಳ ಕ್ರೀಡಾ ಮೀಸಲಾತಿಯಡಿ ನೌಕರಿಗೆ ಅರ್ಜಿ ಹಾಕುವ ಯುವಕನಿಗೆ ಅಂತರ ವಿಶ್ವವಿದ್ಯಾಲಯ ಮಟ್ಟದ ಪ್ರಮಾಣಪತ್ರ ಬಹಳ ಬೆಲೆಬಾಳುವಂಥದ್ದು. ಅನೇಕರ ಪಾಲಿಗೆ ಅದೇ ಜೀವನೋಪಾಯದ ಮೊದಲ ಬಾಗಿಲು.

ಎರಡು ಅಂಗಳ, ಎರಡು ಆಟ

ಈ ಹಂತದಲ್ಲಿ ಆಟಗಾರನಿಗೆ ಎದುರಾಗುವ ಮೊದಲ ತೊಡಕು ನೆಲದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಲಾಯಿತು. ಅಂದಿನಿಂದ ಆಟದ ಸ್ವರೂಪವೇ ಬದಲಾಯಿತು. ಮಣ್ಣಿನ ಅಂಗಳದಲ್ಲಿ ಚೆಂಡು ಪುಟಿಯುತ್ತದೆ, ನಿಧಾನವಾಗುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಎದುರಾಳಿಯನ್ನು ವಂಚಿಸುವ ಕೈಚಳಕಕ್ಕೆ ಅಲ್ಲಿ ಬೆಲೆ. ಟರ್ಫ್ ಮೇಲೆ ಚೆಂಡು ವೇಗವಾಗಿ, ನೇರವಾಗಿ ಸಾಗುತ್ತದೆ. ಓಟ, ತಕ್ಷಣದ ಪಾಸ್, ಪೆನಾಲ್ಟಿ ಕಾರ್ನರ್‌ನ ನಿಖರತೆ ಅಲ್ಲಿ ನಿರ್ಣಾಯಕ. ಎಷ್ಟು ಬಾರಿ ಬೇಕಾದರೂ ಬದಲಿ ಆಟಗಾರರನ್ನು ಇಳಿಸಬಹುದಾದ ಇಂದಿನ ನಿಯಮದಲ್ಲಿ ಹದಿನೈದು ನಿಮಿಷಗಳ ನಾಲ್ಕು ಅವಧಿಗಳೂ ಬಿರುಸಿನಿಂದಲೇ ಸಾಗುತ್ತವೆ.

ಕೊಡಗಿನಲ್ಲಿ ಟರ್ಫ್ ಇಲ್ಲವೆಂದಲ್ಲ. ಮಡಿಕೇರಿ, ಕೂಡಿಗೆ, ಪೊನ್ನಂಪೇಟೆಗಳಲ್ಲಿ ಹಾಸು ಇದೆ. ಆದರೆ ಅವು ಬಹುತೇಕ ಕ್ರೀಡಾ ಹಾಸ್ಟೆಲ್ ಹಾಗೂ ಇಲಾಖೆಗಳ ಸುಪರ್ದಿಯಲ್ಲಿರುವಂಥವು. ತರಗತಿ ಮುಗಿಸಿ ಸಂಜೆ ಬಸ್ಸು ಹಿಡಿಯಬೇಕಾದ ಕಾಲೇಜು ವಿದ್ಯಾರ್ಥಿಗೆ ಬೇರೆ ಊರಿನ ಟರ್ಫ್ ನಿತ್ಯದ ಅಭ್ಯಾಸಕ್ಕೆ ನಿಲುಕುವುದಿಲ್ಲ. ಕಾಲೇಜಿನ ಮಣ್ಣಿನ ಅಂಗಳದಲ್ಲಿ ಪಳಗಿದವನು ವಲಯ ಪಂದ್ಯಾವಳಿಗೆ ಹೋದಾಗ ಟರ್ಫ್‌ನ ವೇಗಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ.

ಇದಕ್ಕೆ ಮಳೆಯೂ ಸೇರುತ್ತದೆ. ಶೈಕ್ಷಣಿಕ ವರ್ಷ ತೆರೆದುಕೊಳ್ಳುವುದು ಮುಂಗಾರಿನ ಅಬ್ಬರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಣ್ಣಿನ ಮೈದಾನಗಳು ಕೆಸರುಗದ್ದೆಗಳೇ. ಮಳೆ ತಗ್ಗುವ ವೇಳೆಗೆ ಸೆಮಿಸ್ಟರ್ ಪರೀಕ್ಷೆ, ಅದರ ಬೆನ್ನಿಗೆ ಕಾಫಿ ಕೊಯ್ಲು. ಸಣ್ಣ ಬೆಳೆಗಾರರ ಮತ್ತು ಕಾರ್ಮಿಕರ ಮನೆಯ ಹುಡುಗನಿಗೆ ತೋಟದ ಕೆಲಸವೂ ಅನಿವಾರ್ಯ. ಹಾಜರಾತಿಯ ಕಡ್ಡಾಯವಂತೂ ಇದ್ದೇ ಇದೆ. ಹೀಗೆ ಆಡಬೇಕಾದ ತಿಂಗಳುಗಳು ಒಂದೊಂದಾಗಿ ಕೈಜಾರುತ್ತವೆ.

ಹೊರನಾಡಿನ ಎರಡು ಮಾದರಿ

ವಿದ್ಯಾರ್ಥಿ ಕ್ರೀಡಾಪಟುವನ್ನು ಬೆಳೆಸುವ ಬಗೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಐಸ್ ಹಾಕಿ ಒಂದು ಮಾದರಿ. ಅಲ್ಲಿನ ಮೊದಲ ದರ್ಜೆಯಲ್ಲಿ ಅರವತ್ತಕ್ಕೂ ಹೆಚ್ಚು ಪುರುಷರ ತಂಡಗಳಿವೆ. ಪೂರ್ಣಾವಧಿಯ ತರಬೇತುದಾರರು, ಚಳಿಗಾಲವಿಡೀ ಸಾಗುವ ಪಂದ್ಯಗಳ ವೇಳಾಪಟ್ಟಿ ಅವಕ್ಕಿವೆ. ಅನೇಕ ತಂಡಗಳು ಆಟಗಾರರಿಗೆ ವಿದ್ಯಾರ್ಥಿವೇತನವನ್ನೂ ನೀಡುತ್ತವೆ. ಅಲ್ಲಿ ಆಡಿದವರು ನೇರವಾಗಿ ವೃತ್ತಿಪರ ಲೀಗ್ ಸೇರುವುದುಂಟು. ಆ ಪ್ರಮಾಣದ ಹಣ ಇಲ್ಲಿ ಅಸಾಧ್ಯವಿರಬಹುದು. ಆದರೆ ಓದು ಮತ್ತು ಆಟ ಪರಸ್ಪರ ಶತ್ರುಗಳಲ್ಲ, ಒಂದೇ ಆಡಳಿತದ ಹೊಣೆ ಎಂಬ ತತ್ವಕ್ಕೆ ಹಣದ ಹಂಗಿಲ್ಲ.

ಕೊಡಗಿಗೆ ಹೆಚ್ಚು ಹತ್ತಿರದ ಹೋಲಿಕೆ ಒಡಿಶಾದ ಸುಂದರಗಢ ಜಿಲ್ಲೆಯದು. ಅಲ್ಲಿಯೂ ಹಾಕಿ ಊರೂರಿನ ಆಟ. ಗೆದ್ದ ತಂಡಕ್ಕೆ ಆಡನ್ನೇ ಬಹುಮಾನವಾಗಿ ನೀಡುವ ಹಳ್ಳಿ ಪಂದ್ಯಾವಳಿಗಳು ಪ್ರಸಿದ್ಧ. ಆ ಜನಪ್ರಿಯತೆಯ ಮೇಲೆ ಸರ್ಕಾರ ಪಾನ್‌ಪೋಶ್ ಮತ್ತು ಸುಂದರಗಢದ ಕ್ರೀಡಾ ಹಾಸ್ಟೆಲ್‌ಗಳನ್ನು ಕಟ್ಟಿತು. ಜಿಲ್ಲೆಯ 17 ಬ್ಲಾಕ್‌ಗಳಲ್ಲಿಯೂ ಟರ್ಫ್ ಹಾಸುವ ಯೋಜನೆ ಕೈಗೊಂಡಿತು. 2018ರಿಂದ ಒಡಿಶಾ ಭಾರತ ತಂಡದ ಪ್ರಾಯೋಜಕತ್ವವನ್ನೂ ವಹಿಸಿಕೊಂಡಿದೆ. ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲಿ ಸುಂದರಗಢದ ಬೀರೇಂದ್ರ ಲಾಕ್ರಾ ಮತ್ತು ಅಮಿತ್ ರೋಹಿದಾಸ್ ಇದ್ದರು. ಹಳ್ಳಿಯ ಉತ್ಸಾಹಕ್ಕೂ ರಾಷ್ಟ್ರೀಯ ಶಿಬಿರಕ್ಕೂ ನಡುವೆ ಮೆಟ್ಟಿಲುಗಳು ಅಲ್ಲಿ ತಪ್ಪಲಿಲ್ಲ.

ಹೊಸ ವಿಶ್ವವಿದ್ಯಾಲಯದ ಅವಕಾಶ ಮತ್ತು ಅನಿಶ್ಚಿತತೆ

ದಶಕಗಳ ಕಾಲ ಕೊಡಗಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಘಟ್ಟದ ಮೇಲಿನ ಹುಡುಗರು ಕರಾವಳಿಯ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆಡುತ್ತಿದ್ದರು. 2023ರಲ್ಲಿ ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣವನ್ನು ಕೇಂದ್ರವಾಗಿಸಿಕೊಂಡು ಕೊಡಗು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಹಾಕಿಯ ದೃಷ್ಟಿಯಿಂದ ಇದರ ಅರ್ಥ ಸರಳ: ಅಂತರ ವಿಶ್ವವಿದ್ಯಾಲಯ ಕಣದಲ್ಲಿ ಕೊಡಗಿನದೇ ಹೆಸರಿನ ತಂಡ. ಕ್ರೀಡಾ ಶಾಲೆ ಮತ್ತು ಟರ್ಫ್ ಇರುವ ಕೂಡಿಗೆಯೂ ಅದೇ ಕುಶಾಲನಗರ ಭಾಗದಲ್ಲಿದೆ ಎಂಬುದು ಮತ್ತೊಂದು ಅನುಕೂಲ.

ಆದರೆ ಈ ಅವಕಾಶದ ಮೇಲೆ ಬಹುಬೇಗ ಕಾರ್ಮೋಡ ಕವಿಯಿತು. ರಾಜ್ಯದಲ್ಲಿ ಹೊಸದಾಗಿ ಸ್ಥಾಪಿತವಾದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಆರ್ಥಿಕ ಹೊರೆಯ ಕಾರಣದಿಂದ ಮುಚ್ಚುವಂತೆ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಆ ಪಟ್ಟಿಯಲ್ಲಿ ಕೊಡಗು ಸಹ ಇತ್ತು. ಜಿಲ್ಲೆಯಲ್ಲಿ ಇದಕ್ಕೆ ವಿರೋಧ ವ್ಯಕ್ತವಾಯಿತು. ಬೋಧಕರ ಕೊರತೆ, ಕಟ್ಟಡಗಳ ಕೊರತೆಯ ನಡುವೆ ನಡೆದ ಆ ಚರ್ಚೆಯಲ್ಲಿ ಹಾಕಿ ತಂಡ ಗೌಣ ವಿಷಯವೆನಿಸಿದ್ದರೆ ಅಚ್ಚರಿಯಿಲ್ಲ. ಆದರೂ ಆಟಗಾರನ ಪಾಲಿಗೆ ಅದು ಗೌಣವಲ್ಲ. ಮೂರು ವರ್ಷದ ಪದವಿಯಲ್ಲಿ ಅವನಿಗೆ ದೊರೆಯುವುದು ಮೂರೇ ಋತು. ಸಂಸ್ಥೆಯ ಭವಿಷ್ಯ ನಿರ್ಧಾರವಾಗಲೆಂದು ಅವನ ವಯಸ್ಸು ಕಾಯುವುದಿಲ್ಲ.

ಬೇಕಿರುವುದು ದುಬಾರಿಯಲ್ಲ

ಹೊಸ ಕ್ರೀಡಾಂಗಣ ನಿರ್ಮಾಣಕ್ಕೆ ಕೋಟಿಗಟ್ಟಲೆ ಹಣ ಬೇಕಾಗಬಹುದು. ಆದರೆ ಇರುವ ಟರ್ಫ್‌ಗಳಲ್ಲಿ ವಾರಕ್ಕೆ ಕೆಲವು ಗಂಟೆಗಳನ್ನು ಕಾಲೇಜು ತಂಡಗಳಿಗೆ ನಿಗದಿಪಡಿಸುವುದಕ್ಕೆ ಬೇಕಿರುವುದು ಇಲಾಖೆಗಳ ನಡುವಣ ಹೊಂದಾಣಿಕೆ. ಪಂದ್ಯಾವಳಿಗೆ ತೆರಳಿದವರಿಗೆ ಹಾಜರಾತಿ ವಿನಾಯಿತಿ ಮತ್ತು ಮರುಪರೀಕ್ಷೆ ಒದಗಿಸಲು ಒಂದು ಸುತ್ತೋಲೆ ಸಾಕು. ಉತ್ಸವದಲ್ಲಿ ಬೆಳಕಿಗೆ ಬಂದ ಹದಿನೈದು, ಹದಿನಾರರ ಹುಡುಗರ ಹೆಸರುಗಳು ಹಾಸ್ಟೆಲ್ ಹಾಗೂ ಕಾಲೇಜುಗಳ ತರಬೇತುದಾರರಿಗೆ ತಲುಪುವ ವ್ಯವಸ್ಥೆಯಾದರೆ, ನೂರಾರು ತಂಡಗಳ ಆ ಮೇಳವೇ ಬೃಹತ್ ಆಯ್ಕೆ ಶಿಬಿರವಾಗಬಲ್ಲದು.

ಕೊಡಗಿನಲ್ಲಿ ಆಟದ ಪ್ರೀತಿಗೆ ಬರವಿಲ್ಲ. ಪ್ರೇಕ್ಷಕರಿಗಂತೂ ಇಲ್ಲವೇ ಇಲ್ಲ. ರಿಯೊದ ನಾಲ್ವರ ನಂತರ ಐದನೆಯವನು ಯಾರು ಎಂಬ ಪ್ರಶ್ನೆಗೆ ಉತ್ತರವಾಗಬಲ್ಲ ಹುಡುಗ ಇಂದು ಜಿಲ್ಲೆಯ ಯಾವುದೋ ಕಾಲೇಜಿನ ತರಗತಿಯಲ್ಲಿ ಕುಳಿತಿರಬಹುದು. ಸಂಜೆ ಅವನು ಟರ್ಫ್ ತಲುಪುತ್ತಾನೆಯೋ, ಮನೆಯ ಬಸ್ಸು ಹತ್ತುತ್ತಾನೆಯೋ ಎಂಬುದರ ಮೇಲೆ ಕೊಡಗಿನ ಹಾಕಿಯ ಮುಂದಿನ ದಶಕ ನಿಂತಿದೆ.