ಆನೆಕಾಲು: ಮದ್ದಿಲ್ಲ ಎಂಬ ಮಾತು ನಿಜವಲ್ಲ

ಆನೆಕಾಲು ಒಮ್ಮೆ ಬಂದರೆ ಮುಗಿಯಿತು, ಅದಕ್ಕೆ ಮದ್ದಿಲ್ಲ ಎಂಬ ಮಾತು ಸುಳ್ಯ, ಪುತ್ತೂರು, ಕಡಬದ ಕಡೆ ಇನ್ನೂ ಇದೆ. ರೋಗಕ್ಕಿಂತ ಈ ಮಾತಿನಿಂದಲೇ ಹೆಚ್ಚು ಹಾನಿಯಾಗಿದೆ ಎಂದು ನನಗನ್ನಿಸುತ್ತದೆ. ಇದನ್ನು ನಂಬಿದವರು ಕಾಲನ್ನು ಪಂಚೆಯಲ್ಲೋ ಸೀರೆಯಲ್ಲೋ ಮುಚ್ಚಿಕೊಂಡು, ಮದುವೆ ಮುಂಜಿಗೂ ಹೋಗದೆ ಮನೆಯೊಳಗೇ ಉಳಿಯುತ್ತಾರೆ.

ಆನೆಕಾಲು ಶಾಪವಲ್ಲ, ನಾಗದೋಷವೂ ಅಲ್ಲ. ಹರಕೆ ಹೊರುವವರು ಹೊರಲಿ, ಆದರೆ ಅದಕ್ಕಾಗಿ ಚಿಕಿತ್ಸೆ ತಡವಾಗಬಾರದು. ಮುಟ್ಟಿದರೆ, ಒಟ್ಟಿಗೆ ಉಂಡರೆ ಅಂಟುವ ರೋಗವೂ ಅಲ್ಲ. ದಕ್ಷಿಣ ಕನ್ನಡ ಹಿಂದಿನಿಂದಲೂ ಆನೆಕಾಲಿಗೆ ಕಾರಣವಾದ ಫೈಲೇರಿಯಾ ಇರುವ ಜಿಲ್ಲೆ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ದಾರದಂಥ ಹುಳ ದೇಹ ಸೇರಿ, ದುಗ್ಧರಸದ ನಾಳಗಳಲ್ಲಿ ಆರೆಂಟು ವರ್ಷ ಬದುಕುತ್ತದೆ. ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಸೊಳ್ಳೆಯ ಪಾತ್ರವನ್ನು 1877ರಲ್ಲೇ ಚೀನಾದಲ್ಲಿ ಗುರುತಿಸಿದ್ದ. ಈ ಹುಳದ ಮರಿಹುಳಗಳು ರಾತ್ರಿ ಹೊತ್ತು ರಕ್ತಕ್ಕೆ ಬರುವುದರಿಂದಲೇ ಆರೋಗ್ಯ ಇಲಾಖೆಯವರು ರಾತ್ರಿ ರಕ್ತ ತೆಗೆಯುವುದು. ರಕ್ತದಲ್ಲಿ ಏನೂ ಸಿಗದಿದ್ದರೆ ಆನೆಕಾಲಲ್ಲ ಎಂದುಕೊಳ್ಳುವುದೂ ತಪ್ಪು. ಕಾಲು ದಪ್ಪವಾಗುವ ಹೊತ್ತಿಗೆ ಹಲವರ ರಕ್ತದಲ್ಲಿ ಹುಳ ಇರುವುದೇ ಇಲ್ಲ.

ಹಾಗಾದರೆ ಹುಳ ಸತ್ತ ಮೇಲೂ ಕಾಲು ಊದುತ್ತಲೇ ಹೋಗುವುದೇಕೆ? ಬೆರಳ ಸಂದಿ ನೋಡಿ. ಹುಳದಿಂದ ದುಗ್ಧರಸದ ನಾಳ ಕೆಟ್ಟ ಕಾಲಿಗೆ ಸೋಂಕು ತಡೆಯುವ ಶಕ್ತಿ ಕಡಿಮೆ. ಆಟಿ ತಿಂಗಳ ಮಳೆಯಲ್ಲಿ ದಿನವಿಡೀ ತೋಟದಲ್ಲಿ ನೆನೆದ ಪಾದದಲ್ಲಿ ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕರೆ ನಡುಗಿಸುವ ಚಳಿಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಕೆಂಪಾಗಿ ಉರಿಯುವ ಕಾಲು. ಜ್ವರ ಬಿಡುತ್ತದೆ, ಊತ ಪೂರ್ತಿ ಇಳಿಯುವುದಿಲ್ಲ. ಹೀಗೆ ಬಂದುಹೋಗುವ ಒಂದೊಂದು ಜ್ವರವೂ ಕಾಲನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಕೊಳೆರೋಗ ಬರುವ ಮೊದಲೇ ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ನಮ್ಮ ಕೃಷಿಕರು ತಮ್ಮ ಪಾದದ ವಿಷಯದಲ್ಲೂ ಅಷ್ಟೇ ಮುಂಚಿತವಾಗಿ ಎಚ್ಚರವಾಗಬೇಕು.

ಆದ್ದರಿಂದ ಸೋಪು ನೀರೇ ಇಲ್ಲಿ ದೊಡ್ಡ ಮದ್ದು. ದಿನಾ ಕಾಲು ತೊಳೆದು, ಒಂದೊಂದು ಸಂದಿಯನ್ನೂ ಮೆತ್ತಗೆ ಒತ್ತಿ ಒರಸಬೇಕು. ಹುಣ್ಣಿದ್ದರೆ ವೈದ್ಯರು ಕೊಟ್ಟ ಮುಲಾಮು ಹಚ್ಚಬೇಕು. ಕೂತಾಗ ಕಾಲು ಎತ್ತರದಲ್ಲಿರಲಿ, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿ ಅವರ ನೇತೃತ್ವದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದೇ ಆರೈಕೆಗೆ ಆಯುರ್ವೇದದ ಕಷಾಯ, ಯೋಗ, ಬ್ಯಾಂಡೇಜುಗಳನ್ನು ಸೇರಿಸಿ ಊತ ಇಳಿಸುತ್ತಾ ಬಂದಿದೆ. ಫಲಿತಾಂಶಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲೂ ಪ್ರಕಟಿಸಿದೆ. ಸುಳ್ಯದವರಿಗೆ ಜಾಲ್ಸೂರು, ಮುಳ್ಳೇರಿಯ ದಾರಿಯಲ್ಲಿ ಅದು ದೂರವೇನಲ್ಲ.

ಸರಕಾರ ಹಂಚುವ ಡಿಇಸಿ ಗುಳಿಗೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಹಳೆಯ ಊತವನ್ನು ಇಳಿಸುವುದಿಲ್ಲ. ರಕ್ತದಲ್ಲಿರುವ ಮರಿಹುಳಗಳನ್ನು ಕೊಂದು, ಸೊಳ್ಳೆಯ ಮೂಲಕ ಇನ್ನೊಬ್ಬರಿಗೆ ಹೋಗುವುದನ್ನು ತಡೆಯುತ್ತದೆ. ಅದಕ್ಕೇ ಆರೋಗ್ಯವಂತರಿಗೂ ಕೊಡುವುದು.

ಊದಿದ ಕಾಲೆಲ್ಲ ಆನೆಕಾಲಲ್ಲ. ಎರಡೂ ಕಾಲು ಒಟ್ಟಿಗೆ ಊದಿದರೆ ಹೃದಯ, ಮೂತ್ರಪಿಂಡ, ಯಕೃತ್ತನ್ನು ಪರೀಕ್ಷಿಸಿಕೊಳ್ಳಬೇಕು. ಸುರುಳಿಯಾಗಿ ಉಬ್ಬಿದ ನೀಲಿ ರಕ್ತನಾಳಗಳಿದ್ದರೆ ಅದು ವೆರಿಕೋಸ್ ವೇನ್. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಎಣ್ಣೆ ಹಾಕಿ ತಿಕ್ಕಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.